ನಿಂತರೆ ಕುದಿಯುವ ದಿಬ್ಬಣ

ಎಲ್ಲಾ ಕೆಲಸ ಮುಗಿದ ಮೇಲೆ ಒಂದು ವೈರು ಉಳಿಯಿತು.

ಕಂದು ಬಣ್ಣದ, ಎರಡು ಮೊಳ ಉದ್ದದ ವೈರು. ನೆಂಟರೆಲ್ಲ ಹೊರಟುಹೋದ ಮೇಲೆ ಬಾಗಿಲಲ್ಲಿ ಉಳಿದ ಒಂಟಿ ಚಪ್ಪಲಿಯನ್ನು ನೋಡುವಂತೆ ಮಸ್ಲಾನ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಯಾರದಿದು? ಎಲ್ಲಿಂದ ಬಂತು?

ಮೂವಾರ್ ಪೇಟೆಯ ಶಾಲೆಯೊಂದರಲ್ಲಿ ಪ್ರಯೋಗಾಲಯದ ಸಹಾಯಕನಾಗಿದ್ದ ಮಸ್ಲಾನನಿಗೆ ಜೀವನದಲ್ಲಿ ಇದ್ದ ಒಂದೇ ಹುಚ್ಚು ಎಂದರೆ ಅವನ ಎರಡು ಬಾಗಿಲಿನ ಜಪಾನಿ ಟರ್ಬೊ ಕಾರು. ಅದರ ಆಕ್ಸಿಲರೇಟರ್ ಒತ್ತಿದರೆ ಪಕ್ಕದ ಮನೆಯ ಕೋಳಿಗಳು ಮೊಟ್ಟೆ ಇಡುವುದನ್ನು ಮುಂದೂಡುತ್ತಿದ್ದವು. ಶಾಲೆಗೆ ರಜೆ ಬಂದದ್ದೇ ತಡ, ಅವನು ಬಾನೆಟ್ಟಿನಡಿಯ ವೈರುಗಳನ್ನೆಲ್ಲ ಕರುಳು ತೆಗೆದಂತೆ ಹೊರಗೆಳೆದಿದ್ದ. ಕೆಲವನ್ನು ಕತ್ತರಿಸಿ, ಕೆಲವನ್ನು ಬೆಸುಗೆ ಹಾಕಿ ಉದ್ದ ಮಾಡಿ, ಮಡ್‌ಗಾರ್ಡಿನ ಒಳಮೈಯಲ್ಲಿ ತೂರಿಸಿ, ಒಂದೂ ಕಣ್ಣಿಗೆ ಬೀಳದಂತೆ ಅಡಗಿಸಿದ್ದ. ಬ್ಯಾಟರಿ ಡಿಕ್ಕಿಗೆ ಹೋಯಿತು. ಫ್ಯೂಸಿನ ಡಬ್ಬಿ ಡ್ಯಾಶ್‌ಬೋರ್ಡಿನ ಹಿಂದೆ ಹೋಯಿತು. ಹಳೆಯ ತೂತುಗಳನ್ನು ಮುಚ್ಚಿ, ಮುತ್ತಿನ ಬಿಳುಪಿನ ಬಣ್ಣ ಹೊಡೆದು, ಒಂದೊಂದು ಬೋಲ್ಟನ್ನೂ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದ. ಅವನ ಹೆಂಡತಿ ರೊಕಿಯಾ ಅದನ್ನು ನೋಡಿ, "ನನ್ನ ಹಲ್ಲನ್ನ ಒಂದು ದಿನಾನಾದ್ರೂ ಇಷ್ಟು ಪ್ರೀತಿಯಿಂದ ನೋಡಿದ್ದೀರಾ?" ಎಂದಿದ್ದಳು. ಈಗ ಬಾನೆಟ್ ಎತ್ತಿದರೆ ಎಂಜಿನ್ನು ಯಾವುದಕ್ಕೂ ಅಂಟಿಕೊಳ್ಳದೆ ಪಿಂಗಾಣಿ ತಟ್ಟೆಯಲ್ಲಿಟ್ಟ ಸಿಹಿಯ ಹಾಗೆ ಕೂತಿರುತ್ತಿತ್ತು.

ಆದರೆ ಅಂದು ವೈರಿನ ಕುಲಗೋತ್ರ ವಿಚಾರಿಸುತ್ತ ಕೂರಲು ಹೊತ್ತಿರಲಿಲ್ಲ. ಅಕ್ಕ ಹಸ್ನಾಳ ಮಗ ಫಕ್ರುಲ್ ಮಧ್ಯಾಹ್ನ ಇದೇ ಕಾರಿನಲ್ಲಿ ಮದುಮಗನಾಗಿ ಹೆಣ್ಣಿನ ಊರಾದ ತಂಕಾಕಿಗೆ ಹೋಗಬೇಕಿತ್ತು. ನಿಕಾಹ್ ಹಿಂದಿನ ದಿನವೇ ಮಸೀದಿಯಲ್ಲಿ ಮುಗಿದಿತ್ತು. ಇವತ್ತು ಹೆಣ್ಣಿನ ಮನೆಗೆ ದಿಬ್ಬಣ, ಊಟ, ಗಂಡುಹೆಣ್ಣನ್ನು ಸಿಂಗರಿಸಿದ ಪೀಠದ ಮೇಲೆ ಕೂರಿಸುವ ಶಾಸ್ತ್ರ. ಅಪ್ಪ ಸತ್ತ ಮೇಲೆ ರಸ್ತೆ ಬದಿಯಲ್ಲಿ ಬಾಳೆಹಣ್ಣು ಕರಿದು ಮಾರಿ ಮಸ್ಲಾನನನ್ನು ಓದಿಸಿದವಳು ಈ ಅಕ್ಕ. ಗಂಡ ತೀರಿಕೊಂಡ ಮೇಲೆ ಅದೇ ಬಾಣಲೆಯಲ್ಲಿ ಮಗನನ್ನೂ ಬೆಳೆಸಿದಳು. ತಮ್ಮನ ಹತ್ತಿರ ಒಂದು ದಿನ ಏನನ್ನೂ ಕೇಳಿದವಳಲ್ಲ. "ಮಗ ನಿನ್ನ ಕಾರಲ್ಲಿ ಹೋಗ್ಲೇನೋ" ಎಂದು ಅವಳು ಕೇಳಿ ಮುಗಿಸುವ ಮೊದಲೇ ಮಸ್ಲಾನನ ತಲೆ ಆಡಿಬಿಟ್ಟಿತ್ತು.

"ಪಾಕ್ ಸು! ವೈರ್ ಉಳೀತಾ?" ಬೇಲಿಯ ಮೇಲಿಂದ ಚೊಂಗ್ ಕೇಳಿದ. ಮನೆತನದ ಕಿರಿಯ ಮಾಮನೆಂದು ಫಕ್ರುಲ್ ಕರೆಯುತ್ತಿದ್ದ 'ಪಾಕ್ ಸು' ಈಗ ಕೇರಿಗೆಲ್ಲ ಹೆಸರಾಗಿತ್ತು. ಚೊಂಗ್ ಎಸಿ ರಿಪೇರಿಯವನು. "ಉಳಿದ್ರೆ ಒಳ್ಳೇದೇ ಬಿಡಿ. ನಾನು ಬಿಚ್ಚಿ ಕಟ್ಟಿದಾಗಲೆಲ್ಲ ಏನಾದ್ರೂ ಉಳಿಯುತ್ತೆ. ಉಳಿದಷ್ಟೂ ಮಷಿನ್ ಹಗುರ."

ಎದುರು ಮನೆಯ ಸಿನ್ನಯ್ಯ ಲುಂಗಿ ಎತ್ತಿ ಕಟ್ಟಿಕೊಂಡು ಬಂದ. ಬಸ್ ಓಡಿಸಿ ನಿವೃತ್ತನಾದವನು, ಈಗ ಒಂದು ವ್ಯಾನು ಇಟ್ಟುಕೊಂಡಿದ್ದ. "ತಮ್ಮಾ, ಗಾಡಿ ವಿಷಯ ಬಹಳ ಸರಳ. ಸ್ಟಾರ್ಟ್ ಆದ್ರೆ ಸರಿ ಇದೆ, ಆಗದಿದ್ರೆ ಸರಿ ಇಲ್ಲ. ಹಾಕು ಕೀ."

ಕೀ ತಿರುಗಿಸಿದ. ಎಂಜಿನ್ನು ಹುಲಿಯ ಹಾಗೆ ಎದ್ದು ಕೂತಿತು. ಮೂವರೂ ಚಪ್ಪಾಳೆ ತಟ್ಟಿದರು. ಮಸ್ಲಾನ್ ಬ್ರೇಕ್ ಒತ್ತಿದ. ಹಾರನ್ ಹೊಡೆಯಿತು. ಎಡಕ್ಕೆ ಇಂಡಿಕೇಟರ್ ಹಾಕಿದ. ಬಿಸಿಲಲ್ಲಿ ವೈಪರು ಆಡಿತು.

"ಅಯ್ಯೋ, ಇಷ್ಟೇನಾ?" ಎಂದು ಚೊಂಗ್ ಡ್ಯಾಶ್‌ಬೋರ್ಡಿನಡಿಗೆ ತಲೆ ತೂರಿಸಿದ. ಎಷ್ಟೋ ಹೊತ್ತಿನ ಮೇಲೆ ಬೆವರಿಳಿಸುತ್ತ ಹೊರಬಂದು, "ಈಗ ನೋಡಿ" ಎಂದ. ವೈಪರು ನಿಂತಿತ್ತು. ಇಂಡಿಕೇಟರು ಮಿಣುಕಿತು. ಹಾರನ್ ಮಾತ್ರ ಬ್ರೇಕಿನ ಜತೆಗಿನ ಸಂಸಾರ ಬಿಡಲೊಲ್ಲದು.

"ಇರ್ಲಿ ಬಿಡು," ಎಂದ ಸಿನ್ನಯ್ಯ. "ಮದುವೆ ಗಾಡಿ ಸದ್ದಿಲ್ಲದೆ ಹೋದ್ರೆ ಹೆಣ ಹೋಗ್ತಿದೆ ಅಂದ್ಕೋತಾರೆ."

ಮಸ್ಲಾನ್ ಇಬ್ಬರ ಕೈಯನ್ನೂ ಹಿಡಿದುಕೊಂಡ. ಭಾನುವಾರದ ನಿದ್ದೆ ಬಿಟ್ಟು ಇನ್ನೊಬ್ಬರ ಕಾರಿನಡಿ ಹೊರಳಾಡುವ ನೆರೆಯವರು ಯಾರಿಗೆ ಸಿಗುತ್ತಾರೆ? "ನೀವಿಲ್ದಿದ್ರೆ ನಾನೇನು ಮಾಡ್ತಿದ್ದೆ" ಎಂದ. ನಿಜವಾಗಿಯೂ ಮನಸ್ಸು ತುಂಬಿ ಅಂದ ಮಾತು ಅದು. ಅಷ್ಟರಲ್ಲಿ ರೊಕಿಯಾ ಬಂಗಾರದ ಬಣ್ಣದ ರಿಬ್ಬನ್ನಿನಿಂದ ಕುಂಬಳಕಾಯಿ ಗಾತ್ರದ ಹೂವು ಮಾಡಿ ಬಾನೆಟ್ಟಿನ ಮೇಲೆ ಕಟ್ಟಿ ಮುಗಿಸಿದ್ದಳು.

*

ದಿಬ್ಬಣ ಹೊರಟಿತು. ಮುಂದೆ ಕಾರು. ಅದರಲ್ಲಿ ಜರಿಯ ಉಡುಪು, ಸೊಂಟದಲ್ಲಿ ಕಠಾರಿ, ತಲೆಯ ಮೇಲೆ ರುಮಾಲು ತೊಟ್ಟ ಫಕ್ರುಲ್. ಹಿಂದಿನ ಸೀಟೆಂಬ ಸಂದಿಯಲ್ಲಿ, ಏನಾದರೂ ಆದರೆ ಇರಲಿ ಎಂದು, ಮೊಣಕಾಲು ಕಿವಿಗೆ ತಾಗಿಸಿಕೊಂಡು ಚೊಂಗ್. ಹಿಂದೆ ಸಿನ್ನಯ್ಯನ ವ್ಯಾನಿನಲ್ಲಿ ಹಸ್ನಾ, ರೊಕಿಯಾ, ಉಡುಗೊರೆಯ ತಟ್ಟೆಗಳು, ಜತೆಗೆ ಕೊಂಪಾಂಗ್ ಬಾರಿಸುವ ದಂಡು. ಆ ಚರ್ಮದ ತಮಟೆಗಳ ಸದ್ದಿಲ್ಲದೆ ಅಲ್ಲಿ ಯಾವ ಮದುಮಗನೂ ಹೆಣ್ಣಿನ ಮನೆಯ ಚಪ್ಪರಕ್ಕೆ ಕಾಲಿಡುವಂತಿಲ್ಲ.

ಪೇಟೆ ದಾಟುವಷ್ಟರಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ತಾಳೆ ತೋಟಗಳ ನಡುವೆ ಬರುವ ಹೊತ್ತಿಗೆ ಕೆಂಪು ಗೆರೆ ಮುಟ್ಟಿ, ಬಾನೆಟ್ಟಿನ ಸಂದಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ ಬಂತು. ಮಸ್ಲಾನ್ ಬ್ರೇಕ್ ಒತ್ತಿದ. ಹಾರನ್ ಅರಚಿತು. ದಿಬ್ಬಣವೆಲ್ಲ ನಿಂತಿತು.

ಚೊಂಗ್ ಬಗ್ಗಿ ನೋಡಿದ. "ಎಂಜಿನ್ ತಣಿಸೋ ಫ್ಯಾನ್ ತಿರುಗ್ತಿಲ್ಲ ಪಾಕ್ ಸು. ಫ್ಯಾನಿಗೆ ಹೋಗೋದು ಯಾವ ಬಣ್ಣದ ವೈರು?"

ಮಸ್ಲಾನನ ಮುಖ ಬಿಳಿಚಿತು. "ಕಂದು."

"ಅದೆಲ್ಲಿದೆ?"

ವ್ಯಾನಿನಿಂದ ಇಳಿದು ಬಂದ ರೊಕಿಯಾ ಸಹಜವಾಗಿ ಹೇಳಿದಳು: "ಆ ಕಸದ ವೈರಾ? ರಿಬ್ಬನ್ ಕಟ್ಟೋಕೆ ದಾರ ಇರ್ಲಿಲ್ಲ. ನಾಲ್ಕು ತುಂಡು ಮಾಡಿ ಕಟ್ಟಿದೀನಿ. ಎಷ್ಟು ಗಟ್ಟಿಯಾಗಿದೆ ನೋಡಿ!"

ಬೇರೆ ವೈರು ತಂದು ಜೋಡಿಸೋಣ ಎಂದರೆ ಫ್ಯಾನಿನ ಇನ್ನೊಂದು ತುದಿ ಎಲ್ಲಿ ಸೇರಬೇಕೆಂದು ಯಾರಿಗೂ ಕಾಣಲಿಲ್ಲ. ಕಾಣದಂತೆ ಅಡಗಿಸಿದ್ದೇ ಮಸ್ಲಾನ್. ಅವನ ಕೆಲಸ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅವನಿಗೇ ಅದರ ತಲೆಬುಡ ಸಿಗಲಿಲ್ಲ.

"ಫ್ಯಾನ್ ಯಾಕೆ ಬೇಕು? ಗಾಳಿ ಇದೆಯಲ್ಲ!" ಎಂದ ಸಿನ್ನಯ್ಯ. "ನೀರು ತುಂಬು, ಬಾನೆಟ್ ಕಿತ್ತು ನನ್ನ ವ್ಯಾನಿಗೆ ಹಾಕು. ಜೋರಾಗಿ ಹೋಗು. ಓಡ್ತಾ ಇದ್ರೆ ತಣ್ಣಗಿರುತ್ತೆ. ನಿಂತ್ರೆ ಮಾತ್ರ ಕುದಿಯುತ್ತೆ."

ಬಾನೆಟ್ ಬಿಚ್ಚಿದರು. ಸಿಂಗಾರವಿಲ್ಲದ ಮದುವೆ ಗಾಡಿ ಅಪಶಕುನವೆಂದು ರೊಕಿಯಾ ಹಟ ಹಿಡಿದು, ಎಂಜಿನ್ನಿನ ಮೇಲೆ ಅಡ್ಡಲಾಗಿ ಹೋಗುವ ಹೊಳೆಯುವ ಸರಳಿಗೆ ಅದೇ ರಿಬ್ಬನ್ನಿನ ಹೂವನ್ನು ವರ್ಗಾಯಿಸಿದಳು.

*

ಜೋರಾಗಿ ಹೋಗು ಎಂದರೆ ಆ ಕಾರಿಗೆ ಎರಡು ಸಲ ಹೇಳಬೇಕಿರಲಿಲ್ಲ. ವ್ಯಾನು ಎಲ್ಲೋ ಹಿಂದೆ ಉಳಿಯಿತು. ತಂಕಾಕಿನ ಹೆಣ್ಣಿನ ಮನೆಯ ಮುಂದೆ ಚಪ್ಪರ, ಕೆಂಪು ಹಾಸು, ಕೈ ಮುಂದೆ ಚಾಚಿ ನಿಂತ ಹೆಣ್ಣಿನ ತಂದೆ ಹಾಜಿ ಬಸಿರೋನ್ ಎಲ್ಲವೂ ಕಾಣಿಸಿತು. ಕೊಂಪಾಂಗ್ ಮಾತ್ರ ಬಂದಿರಲಿಲ್ಲ.

"ಪಾಕ್ ಸು, ನಿಲ್ಸಿ, ಮನೆ ಬಂತು!" ಎಂದ ಫಕ್ರುಲ್.

"ತಮಟೆ ಬರೋ ತನಕ ಇಳಿಯೋ ಹಾಗಿಲ್ಲ. ನಿಂತ್ರೆ ಕುದಿಯುತ್ತೆ, ಆಫ್ ಮಾಡಿದ್ರೆ ಮತ್ತೆ ಸ್ಟಾರ್ಟ್ ಆಗುತ್ತೋ ಇಲ್ವೋ."

"ಮತ್ತೆ?"

"ಮನೆ ಸುತ್ತ ರಸ್ತೆ ಇದೆಯಲ್ಲ. ಕೈ ಬೀಸ್ತಾ ಇರು. ನಗು."

ಕಾರು ಹಾಜಿಯವರ ಚಾಚಿದ ಕೈಯ ಮುಂದೆ ಹಾದು ಮನೆಗೆ ಸುತ್ತು ಹಾಕಿತು. ಪ್ರತಿ ಮೂಲೆಯಲ್ಲೂ ಬ್ರೇಕು, ಪ್ರತಿ ಬ್ರೇಕಿಗೂ ಹಾರನ್ನು. ಎರಡನೆಯ ಸುತ್ತಿಗೆ ಊಟಕ್ಕೆ ಕೂತವರು ಎಂಜಲು ಕೈಯಲ್ಲೇ ಎದ್ದು ಬಂದರು. ಪ್ರತಿ ಸಲವೂ ಹಾಜಿಯವರು "ಅಸ್ಸಲಾಮು..." ಎಂದು ಶುರು ಮಾಡುತ್ತಿದ್ದರು, ಮುಗಿಸುವಷ್ಟರಲ್ಲಿ ಮದುಮಗ ಹಿತ್ತಲ ಕಡೆ ಇರುತ್ತಿದ್ದ.

"ಮೂವಾರಿನವರ ಶಾಸ್ತ್ರ ಇರ್ಬೇಕು," ಎಂದು ಅವರು ಪಕ್ಕದವರಿಗೆ ಹೇಳಿದರು. "ಎಷ್ಟು ಶ್ರದ್ಧೆಯಿಂದ ಮಾಡ್ತಿದ್ದಾರೆ ನೋಡಿ."

"ಪಾಕ್ ಸು," ಎಂದ ಫಕ್ರುಲ್ ನಗು ಬಿಡದೆ, "ಇನ್ನೊಂದು ಸುತ್ತು ಹಾಕಿದ್ರೆ ನನ್ನ ಹೆಂಡ್ತಿ ಬೇರೆ ಯಾರನ್ನಾದ್ರೂ ಪಕ್ಕದಲ್ಲಿ ಕೂರಿಸ್ಕೋತಾಳೆ!"

ಕೊನೆಗೂ ವ್ಯಾನು ಬಂತು. ತಮಟೆಯವರು ಬಾರಿಸುತ್ತಲೇ ಇಳಿದರು. ಮಸ್ಲಾನ್ ಕೆಂಪು ಹಾಸಿನ ತುದಿಗೆ ಕಾರು ತಂದು, ಕೊನೆಯ ಸಲ ಹಾರನ್ ಹೊಡೆಸಿ, ಎಂಜಿನ್ನು ನಿಲ್ಲಿಸಿದ. ಬಿಸಿಲಿಗೆ ಮುತ್ತಿನ ಬಣ್ಣ ಮಿಂಚಿತು. ತಿಕ್ಕಿದ ಬೋಲ್ಟುಗಳು ಒಡವೆಯಂತೆ ಹೊಳೆದವು. ನಡುವೆ, ಎಂಜಿನ್ನಿನ ಎದೆಯ ಮೇಲೆ, ಬಂಗಾರದ ರಿಬ್ಬನ್ನಿನ ದೊಡ್ಡ ಹೂವು.

ಚಪ್ಪರದಲ್ಲಿ ಮೈಕು ಹಿಡಿದಿದ್ದ ನಿರೂಪಕನಿಗೆ ಅದನ್ನು ನೋಡಿ ಎರಡನೆಯ ಯೋಚನೆಯೇ ಬರಲಿಲ್ಲ. "ಬಂಧುಗಳೇ! ಗಂಡಿನ ಕಡೆಯ ಉಡುಗೊರೆ ನೋಡಿ! ತಟ್ಟೆಯಲ್ಲಿ ಹಿಡಿಸಲಿಲ್ಲ ಅಂತ ಚಕ್ರದ ಮೇಲೇ ಬಂದಿದೆ! ಒಳಗೆ ಹೇಗಿದೆ ಅಂತ ಅನುಮಾನ ಬೇಡ ಅಂತ ಮುಚ್ಚಳ ತೆಗೆದೇ ತಂದಿದ್ದಾರೆ! ನಮ್ಮ ಹುಡುಗಿ ಸುರಯಾಗೆ ಅವಳ ಪಾಕ್ ಸು ಕಡೆಯಿಂದ!"

ಚಪ್ಪರ ಹಾರಿಹೋಗುವಂತೆ ಚಪ್ಪಾಳೆ. ಮಸ್ಲಾನ್ "ಅಲ್ಲ" ಎಂದ. ತಮಟೆಯ ಸದ್ದಿನಲ್ಲಿ ಅದು ಅವನಿಗೇ ಕೇಳಿಸಲಿಲ್ಲ. ಮದುಮಗಳು ಸುರಯಾ ಬಂದು ಅವನ ಕೈಯನ್ನು ಹಣೆಗೊತ್ತಿಕೊಂಡಳು. ಹಾಜಿಯವರು ಅಪ್ಪಿಕೊಂಡರು. ನಿರೂಪಕ ಮೈಕನ್ನು ತಂದು ಅವನ ಬಾಯಿಗೆ ಹಿಡಿದ.

ಸರಿ, ಈಗ ಹೇಳಿಯೇಬಿಡೋಣ ಎಂದು ಮಸ್ಲಾನ್ ಉಸಿರೆಳೆದುಕೊಂಡ. ಆಗ ಹಸ್ನಾ ಜನರನ್ನು ಸರಿಸಿಕೊಂಡು ಹತ್ತಿರ ಬಂದಳು. ಕಣ್ಣಲ್ಲಿ ನೀರು.

"ಅವನಪ್ಪ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಕಣೋ," ಎಂದಳು. "ನನ್ನ ಮಗ ಇವತ್ತು ನಾಲ್ಕು ಜನರ ಮುಂದೆ ತಲೆ ಎತ್ತಿ ನಿಂತ. ನಿನ್ನ ಉಪಕಾರ ನಾನು ಹೇಗೋ ತೀರಿಸ್ಲಿ?"

ಮಸ್ಲಾನ್ ಅಕ್ಕನ ಕೈ ನೋಡಿದ. ಎಣ್ಣೆ ಸಿಡಿದು ಸಿಡಿದು ಆದ ಚುಕ್ಕೆಗಳು. ಆ ಕೈಗೆ ಇಷ್ಟು ವರ್ಷದಲ್ಲಿ ಒಂದು ದಿನವೂ ತಾನು ಕೃತಜ್ಞತೆಯ ಒಂದು ಮಾತನ್ನೂ ಹೇಳಿರಲಿಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಉಪಕಾರ ತೀರಿಸುವ ಮಾತನ್ನು ಅವಳು ಆಡುತ್ತಿದ್ದಾಳೆ!

"ಅದು... ಫ್ಯಾನಿನ ವೈರು..." ಎಂದ ಮೈಕಿನಲ್ಲಿ. ಎಲ್ಲರೂ ಕಿವಿಗೊಟ್ಟರು. "ಫ್ಯಾನಿನ ವೈರೊಂದು ಹಾಕಿಸ್ಬೇಕು. ಆಮೇಲೆ ಚೆನ್ನಾಗಿ ಓಡುತ್ತೆ. ಮಕ್ಕಳು ಸುಖವಾಗಿರ್ಲಿ."

ಆ ಕ್ಷಣ ಅವನಿಗೆ ನಷ್ಟವಾಯಿತೆಂದು ಅನ್ನಿಸಲೇ ಇಲ್ಲ. ಊಟಕ್ಕೆ ಕೂತಾಗ ಸ್ವಲ್ಪ ಅನ್ನಿಸಿತು. ಎರಡನೆಯ ಸಲ ಮಾಂಸದ ಪಲ್ಯ ಬಂದಾಗ ಜಾಸ್ತಿ ಅನ್ನಿಸಿತು. ಆದರೆ ಎದುರು ಸಾಲಿನಲ್ಲಿ ಅಕ್ಕ ನಗುತ್ತಿದ್ದಳು. ಪಕ್ಕದಲ್ಲಿ ರೊಕಿಯಾ ಎಂದೂ ಇಲ್ಲದಷ್ಟು ಪ್ರೀತಿಯಿಂದ ಬಡಿಸುತ್ತಿದ್ದಳು. "ದೇವರು ದೊಡ್ಡವನು," ಎಂದು ಪಿಸುಗುಟ್ಟಿದಳು. "ಇನ್ಮೇಲೆ ಅಂಗಳದಲ್ಲಿ ಬಟ್ಟೆ ಒಣಗಿಸ್ಬಹುದು. ಒಂದು ಮಲ್ಲಿಗೆ ಬಳ್ಳಿ ಹಾಕ್ಬಹುದು. ನೀವು ಸಂಜೆ ಹೊತ್ತು ಮನುಷ್ಯರ ಜತೆ ಮಾತಾಡ್ಬಹುದು."

ಊಟ ಮುಗಿಯುತ್ತಲೇ ಹಾಜಿಯವರು ಬಂದು ಮಸ್ಲಾನನ ಹೆಗಲ ಮೇಲೆ ಕೈ ಹಾಕಿದರು. "ಬೀಗರೇ, ಹಾಗೇ ಕಳ್ಸೋಕಾಗುತ್ತಾ? ಗಂಡಿನ ಕಡೆಯವರು ಕೊಟ್ಟಿದ್ದಕ್ಕಿಂತ ಹೆಣ್ಣಿನ ಕಡೆಯವರು ಒಂದು ಕೈ ಹೆಚ್ಚೇ ಕೊಡ್ಬೇಕು. ಅದು ನಮ್ಮ ಮರ್ಯಾದೆ. ಬನ್ನಿ."

ಹಿತ್ತಲ ಕೊಟ್ಟಿಗೆಯಲ್ಲಿ ಟಾರ್ಪಾಲು ಮುಚ್ಚಿದ ಒಂದು ಆಕಾರ. ಹಾಜಿಯವರು ಸರ್ರನೆ ಎಳೆದರು. ಧೂಳು ಇಳಿದ ಮೇಲೆ ಹಳೆಯ ರೇಸಿನ ಕಾರೊಂದು ಕಂಡಿತು. ಬಾನೆಟ್ ಎತ್ತಿದರೆ ಕೋಳಿ ಕೆದರಿದ ನೂಡಲ್ಸಿನ ಹಾಗೆ ವೈರುಗಳು. ಅರ್ಧ ಇಲಿ ಕಡಿದದ್ದು, ಉಳಿದರ್ಧ ಇಲಿ ಕಡಿಯುತ್ತಿರುವುದು.

"ನನ್ನ ಪ್ರಾಯದ ಕಾಲದ್ದು. ಗುಜರಿಗೆ ಹಾಕಿ ಅಂತ ಮನೆಯವರೆಲ್ಲ ಹೇಳಿದ್ರು, ಮನಸ್ಸು ಬರ್ಲಿಲ್ಲ. ಇವತ್ತು ನಿಮ್ಮ ಕೈಕೆಲಸ ನೋಡಿದೆ. ಇದು ಕಾಯ್ತಿದ್ದದ್ದು ನಿಮ್ಮನ್ನೇ."

"ಹಾಜಿಯವರೇ, ಇಷ್ಟೆಲ್ಲ ಯಾಕೆ... ದಯವಿಟ್ಟು ಬೇಡ," ಎಂದಳು ರೊಕಿಯಾ, ನಿಜವಾಗಿಯೂ ಬೇಡಿಕೊಳ್ಳುತ್ತ.

"ಎಂಥಾ ಸಂಕೋಚದ ಹೆಣ್ಣುಮಗಳು!" ಹಾಜಿಯವರು ಕರಗಿಹೋದರು. "ಒಂದಕ್ಕೊಂದು ಕೊಟ್ರೆ ಸಮ ಆಯ್ತು, ಹೆಚ್ಚಾಗ್ಲಿಲ್ವಲ್ಲ." ಪಕ್ಕದ ಟಾರ್ಪಾಲನ್ನೂ ಎಳೆದರು. ಅದರಡಿ ಅಂಥದೇ ಇನ್ನೊಂದು, ಬಾಗಿಲಿಲ್ಲದ್ದು.

ಸಂಜೆಗೆ ಲಾರಿ ಬಂದು ಎರಡನ್ನೂ ಮಸ್ಲಾನನ ಅಂಗಳದಲ್ಲಿ ಇಳಿಸಿತು. ಬಟ್ಟೆ ಒಣಗಿಸುವುದಿರಲಿ, ಬಟ್ಟೆ ಹಿಡಿದು ನಿಲ್ಲಲೂ ಜಾಗ ಉಳಿಯಲಿಲ್ಲ. ಚೊಂಗ್ ಸ್ಕ್ರೂಡ್ರೈವರ್ ಹಿಡಿದೇ ಬಂದಿದ್ದ. ಸಿನ್ನಯ್ಯ, "ಸ್ಟಾರ್ಟ್ ಆಗಲ್ಲ, ಅಂದ್ರೆ ಸರಿ ಇಲ್ಲ" ಎಂದು ರೋಗ ಪತ್ತೆ ಮಾಡಿ ಲುಂಗಿ ಎತ್ತಿ ಕಟ್ಟಿದ. ಮಸ್ಲಾನ್ ಮೊದಲ ಕಾರಿನ ಬಾನೆಟ್ಟಿನಡಿ ತಲೆ ತೂರಿಸಿ, ಆ ಗೋಜಲನ್ನು ಬಹಳ ಹೊತ್ತು ನೋಡಿದ.

"ಅಲ್‌ಹಮ್ದುಲಿಲ್ಲಾ," ಎಂದು ದೇವರಿಗೆ ವಂದಿಸುವ ದನಿ ಒಳಗಿನಿಂದ ಕೇಳಿಬಂತು.

ಬಾಗಿಲಿಲ್ಲದ ಕಾರಿನೊಳಗಿಂದ ಒಂದು ಹೆಗ್ಗಣ ನಿಧಾನವಾಗಿ ಇಳಿದು, ಅತ್ತಿತ್ತ ನೋಡಿ, ಜಾಗ ಮನಸ್ಸಿಗೆ ಬಂದಂತೆ ತನ್ನ ಅಡುಗೆಮನೆಯ ಕಡೆ ನಡೆಯುವುದನ್ನೇ ರೊಕಿಯಾ ನೋಡುತ್ತಿದ್ದಳು.