ಪದ್ಮಿನಿಯ ಎಡಬಾಗಿಲು

ಗಂಗಾಧರಸ್ವಾಮಿಯವರ ಪದ್ಮಿನಿ ಕಾರಿಗೆ ಎಡಗಡೆಯ ಮುಂಬಾಗಿಲೊಂದು ಬಿಟ್ಟು ಮಿಕ್ಕೆಲ್ಲ ಇತ್ತು. ಗ್ರಹಚಾರಕ್ಕೆ ಅದು ಧರ್ಮಪತ್ನಿ ವನಜಾಕ್ಷಿ ಕೂರಬೇಕಾದ ಕಡೆಯ ಬಾಗಿಲು. (ಬಲಗಡೆಯದಾಗಿದ್ದರೆ ಗಾಳಿ ಚೆನ್ನಾಗಿ ಬರುತ್ತದೆಂದು ಸ್ವಾಮಿಯವರೇ ಸುಮ್ಮನಿರುತ್ತಿದ್ದರು.) ಚಿಕ್ಕಯ್ಯನಛತ್ರದ ಕೊಟ್ಟಿಗೆಯೊಂದರಲ್ಲಿ ಹುಲ್ಲಿನಡಿ ಮಲಗಿದ್ದ ಈ ರಥವನ್ನು ನಂಜನಗೂಡಿನ ಮನೆಗೆ ಎಳೆಸಿ ತಂದು, ತಾಂಡ್ಯದ ಫ್ಯಾಕ್ಟರಿ ಕೆಲಸದಿಂದ ಬಂದ ಮೇಲೆ ಸಂಜೆಯೆಲ್ಲ ತಿಕ್ಕಿ, ಎಣ್ಣೆ ಕುಡಿಸಿ, ಅಂತೂ ಓಡುವಂತೆ ಮಾಡಿದ್ದರು. ಅದು ಅವರ ಜೀವನದ ಪ್ರಥಮ ಜೀರ್ಣೋದ್ಧಾರ.

"ಭಾನುವಾರ ಸೋಸಲೇಲಿ ನನ್ ತಂಗಿ ಗೃಹಪ್ರವೇಶ. ಕಾರಲ್ಲಿ ಬತ್ತೀವಿ ಅಂತ ಎಲ್ರಿಗೂ ಹೇಳ್ಬಿಟ್ಟಿದೀನಿ," ಎಂದರು ವನಜಾಕ್ಷಿ. "ತಿರುವಲ್ಲಿ ನಾನು ಬಿದ್ದೋದ್ರೆ ಟಿ. ನರಸೀಪುರ ದಾಟೋವರೆಗೂ ನಿಮಗೆ ಗೊತ್ತಾಗಲ್ಲ. ಭಾನುವಾರದೊಳಗೆ ಬಾಗಿಲು ಬರ್ಲಿಲ್ವೋ, ಕಾರು ಗುಜರಿಗೆ!"

ಗೊತ್ತಾಗದೆ ಏನು, ಮಾತು ನಿಲ್ಲುತ್ತದಲ್ಲ ಎಂದು ಸ್ವಾಮಿಯವರು ಮನಸ್ಸಿನಲ್ಲೇ ಅಂದುಕೊಂಡರು. (ಸಂಸಾರಸ್ಥರು ಇಂಥವನ್ನು ಮನಸ್ಸಿನಲ್ಲೇ ಅಂದುಕೊಳ್ಳುತ್ತಾರೆ.)

ಮೈಸೂರಿನ ಗುಜರಿಗಳಲ್ಲಿ ಹೇಳಿದ ಬೆಲೆಗೆ ಬಾಗಿಲಿನ ಜೊತೆ ಮನೆಯೂ ಬರಬೇಕಿತ್ತು. ಕೊನೆಗೆ ಟಿ. ನರಸೀಪುರದ ಗುಜರಿ ಸಿದ್ದು ತಲೆ ಕೆರೆದುಕೊಂಡು, "ಒಂದಿತ್ತು ಸಾ. ಆಚೆ ಬೀದಿ ರಾಚಮ್ಮ ತಗಂಡೋದ್ಲು. ಕಾರಿಲ್ದೋಳಿಗೆ ಯಾಕೆ ಅಂತ ನಾನೂ ಕೇಳ್ನಿಲ್ಲ," ಎಂದ.

ರಾಚಮ್ಮನ ಹಿತ್ತಲಲ್ಲೊಂದು ತಗಡಿನ ಬಚ್ಚಲು. ಅದರ ಬಾಗಿಲಿನ ಜಾಗದಲ್ಲಿ, ಮೇಲೊಂದು ಕೆಳಗೊಂದು ಹಲಗೆ ಹೊಡೆಸಿಕೊಂಡು, ಪದ್ಮಿನಿಯ ಎಡಬಾಗಿಲು ವಿರಾಜಮಾನವಾಗಿತ್ತು! ಹಿಡಿಕೆ, ಗಾಜು, ಗಾಜು ಇಳಿಸುವ ಕೈ, ಒಂದೂ ಮುಕ್ಕಾಗಿರಲಿಲ್ಲ. (ಮಾನದ ದೃಷ್ಟಿಯಿಂದ ಗಾಜಿಗೆ ನೀಲಿ ಬಣ್ಣ ಬಳಿದಿತ್ತು.) ಸ್ವಾಮಿಯವರ ಕಣ್ಣು ತುಂಬಿ ಬಂತು. ಭಕ್ತಿಯಿಂದ ಹಿಡಿಕೆ ಹಿಡಿದು ಎಳೆದರು. ಗಾಜು ಕರಕರನೆ ಇಳಿದು, ಸೋಪಿನ ನೊರೆ ಮೆತ್ತಿದ ಮುಖವೊಂದು ಕಾಣಿಸಿತು.

"ಯಾವನ್ಲಾ ಅವ್ನು?"

"ಬಾಗಿಲು ನೋಡೋಕೆ ಬಂದಿದ್ದೆ ಕಣಮ್ಮ..."

"ಬೀದೀಲಿ ನಿಂತ್ಕಂಡು ನೋಡು, ಓಗು!"

ಸೀರೆ ಉಟ್ಟು ಬಂದ ಮೇಲೂ ರಾಚಮ್ಮ ದುಡ್ಡಿಗೆ ಬಗ್ಗಲಿಲ್ಲ. "ದುಡ್ಡ ಅಡ್ಡ ಇಟ್ಕಂಡು ನೀರು ಉಯ್ಕಳಾಕಾದದಾ? ಇನ್ನೊಂದ್ ಬಾಗ್ಲು ತಂದ್ ನಿಲ್ಸಿ, ಇದನ್ನ ಒತ್ಕಂಡೋಗಿ."

ಹೊಸ ಬಾಗಿಲು ಕೊಳ್ಳುವ ಶಕ್ತಿಯಿದ್ದರೆ ಸ್ವಾಮಿಯವರು ಗುಜರಿ ಯಾಕೆ ಅಲೆಯುತ್ತಿದ್ದರು? ಶನಿವಾರ ವನಜಾಕ್ಷಿ ಸೀರೆ ತರಲು ಮೈಸೂರಿಗೆ ಹೊರಟದ್ದೇ ತಡ, ತಮ್ಮ ಮನೆಯ ಬಚ್ಚಲ ಬಾಗಿಲನ್ನೇ ಕಿತ್ತು ಲಗೇಜ್ ಆಟೋಗೆ ಹೇರಿದರು. ಅದು ರಾಚಮ್ಮನ ಬಚ್ಚಲಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಕಾರು ನೋಡಿದ ಸಂತೋಷದಲ್ಲಿ ಹೆಂಡತಿಗೆ ಸ್ನಾನದ ನೆನಪೇ ಬರುವುದಿಲ್ಲ ಎಂಬುದು ಅವರ ಲೆಕ್ಕಾಚಾರ.

ಅದು ತಪ್ಪಿತು. ಹಲಗೆ ಸಮೇತ ಬಾಗಿಲನ್ನು ಆಟೋದಿಂದ ಇಳಿಸುವಾಗಲೇ ವನಜಾಕ್ಷಿ ಬೆವರು ಸುರಿಸುತ್ತ ಬಂದು, "ಕಾಫಿ ಕುಡಿದು ಸ್ನಾನಕ್ಕೆ ಹೋಗ್ತೀನಿ," ಎಂದರು. ಕಾಫಿ ಮುಗಿಯುವುದರೊಳಗೆ ಸ್ವಾಮಿಯವರು ಬಾಗಿಲನ್ನು ಬಚ್ಚಲಿಗೇ ನಿಲ್ಲಿಸಿ ತಿರುಪು ಬಿಗಿದರು.

"ಇದೇನ್ರೀ? ನಮ್ಮ ಬಾಗಿಲೆಲ್ಲಿ?"

"ಟಿ. ನರಸೀಪುರದಲ್ಲಿದೆ. ರಾಚಮ್ಮನ ಹತ್ರ."

"ಯಾವ ರಾಚಮ್ಮ?"

"ಮೊನ್ನೆ... ಅವಳು ಸ್ನಾನ ಮಾಡ್ತಿದ್ದಾಗ ಪರಿಚಯ ಆಯ್ತು."

ವನಜಾಕ್ಷಿ ಬಚ್ಚಲು ಹೊಕ್ಕರು. ಕಾರಿನ ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಸ್ವಾಮಿಯವರು ಪ್ರಳಯಕ್ಕೆ ಸಿದ್ಧರಾಗಿ ಗೋಡೆಗೊರಗಿ ನಿಂತರು. ನಿಜಕ್ಕೂ ಹೆದರಿದ್ದರು.

ಗಾಜು ಇಳಿಯಿತು. "ರೀ, ಟವಲ್ಲು." ಏರಿತು. ಮತ್ತೆ ಇಳಿಯಿತು. "ಸೀಗೆಪುಡಿ." ಏರಿತು. "ಒಲೆ ಮೇಲೆ ಹಾಲಿದೆ, ಆರಿಸಿ. ಹಾಗೇ ಒಂದು ಲೋಟ ನೀರು ಕೊಡಿ."

ಸ್ನಾನ ಮುಗಿಸಿ ಬಂದ ವನಜಾಕ್ಷಿಯ ಮುಖದಲ್ಲಿ ಮದುವೆಯ ದಿನವೂ ಇರದಿದ್ದ ಕಳೆಯಿತ್ತು. "ಇಷ್ಟು ವರ್ಷ ಒಳಗಿಂದ ಕಿರುಚಿ ಕಿರುಚಿ ಗಂಟಲು ಹೋಗಿತ್ತು. ಜನ್ಮದಲ್ಲಿ ಒಂದು ಒಳ್ಳೇ ಕೆಲಸ ಮಾಡಿದ್ರಿ ನೋಡಿ! ಈ ಬಾಗಿಲನ್ನ ಯಾರೂ ಮುಟ್ಟಕೂಡ್ದು."

"ಮತ್ತೆ ಕಾರು?"

"ಬಸ್ಸಿಲ್ವಾ?"

ಭಾನುವಾರ ಇಬ್ಬರೂ ಬಸ್ಸಿನಲ್ಲಿ ಸೋಸಲೆಗೆ ಹೋದರು. ನಾದಿನಿ ಪವಿತ್ರಳ ಹೊಸ ಮನೆಯ ಗ್ರಾನೈಟ್ ನೋಡುವವರೇ ಇರಲಿಲ್ಲ. ಹೆಂಗಸರೆಲ್ಲ ವನಜಾಕ್ಷಿಯ ಬಚ್ಚಲಿನ ವರ್ಣನೆ ಕೇಳುತ್ತಿದ್ದರು. ಕಾರಿನ ಸುದ್ದಿ ಯಾರೂ ಎತ್ತಲಿಲ್ಲವಲ್ಲ ಎಂದು ಸ್ವಾಮಿಯವರು ನೆಮ್ಮದಿಯಾಗಿ ಪಂಕ್ತಿಯಲ್ಲಿ ಕೂತರು. ಬಾಗಿಲು ಹೋದರೇನು, ಕಾರಂತೂ ಉಳಿಯಿತು. ಇನ್ನೊಂದನ್ನು ಎಲ್ಲಾದರೂ ಹುಡುಕಿದರಾಯಿತು.

"ಭಾವ, ನಮ್ಮ ಬಚ್ಚಲಿಗೂ ಅಂಥದ್ದೇ ಒಂದು ಹುಡುಕಿಕೊಡ್ತೀರಾ?" ಎಂದಳು ಪವಿತ್ರ.

ತಜ್ಞರೆಂದು ಗುರುತಿಸಿದ್ದೇ ಸ್ವಾಮಿಯವರ ಎದೆ ಉಬ್ಬಿತು. "ಅದು ಸುಲಭಕ್ಕೆ ಸಿಗೋ ಮಾಲಲ್ಲ ಕಣಮ್ಮ. ಎಷ್ಟು ಗುಜರಿ ಅಲೆದಿದೀನಿ ಗೊತ್ತಾ? ಪುಣ್ಯ ಮಾಡಿರಬೇಕು..."

"ಹುಡುಕೋದೇನು ಬಂತು?" ಪಾಯಸ ಬಡಿಸುತ್ತಿದ್ದ ವನಜಾಕ್ಷಿ ಸೌಟು ಎತ್ತಿ ಹಿಡಿದು ಹೇಳಿದರು. "ಮನೆ ಮುಂದೇನೇ ಇನ್ನೂ ಮೂರವೆ. ನಾಳೆ ಬಿಚ್ಚಿ ಕಳಿಸ್ತಾರೆ ಬಿಡು."

ಎದುರು ಪಂಕ್ತಿಯಿಂದ ಇನ್ನಿಬ್ಬರು ಹೆಂಗಸರು ಕೈ ಎತ್ತಿದರು.