ಇಪ್ಪತ್ತರಿಂದ ಇಪ್ಪತ್ತಕ್ಕೆ

ಎಲ್ಲಕ್ಕೂ ಕಾರಣ ಮುಂದಿನ ಬೆಂಚಿನ ಹುಡುಗಿ. ಮೊದಲ ಇಂಟರ್ನಲ್ ಪರೀಕ್ಷೆಯಲ್ಲಿ ಇಪ್ಪತ್ತಕ್ಕೆ ಇಪ್ಪತ್ತು ತೆಗೆದಿದ್ದಳು. ಎರಡನೆಯದರಲ್ಲೂ ಇಪ್ಪತ್ತೇ ತೆಗೆದಳು. ತರ್ಕಶಾಸ್ತ್ರದ ಮೇಷ್ಟ್ರು ಸಿಳ್ಳೆ ಹಾಕುತ್ತಲೇ ಅಂಕಗಳನ್ನು ಕಂಪ್ಯೂಟರಿಗೆ ತುಂಬಿಸಿ ಮನೆಗೆ ಹೋಗಿದ್ದರು. ಬೆಳಗ್ಗೆ ಬಂದು ನೋಡಿದರೆ ಅವಳ ಹೆಸರಿನ ಮುಂದೆ ಕೆಂಪಕ್ಷರ: ‘ಪ್ರಗತಿ ಸೊನ್ನೆ.’

ವಿಶ್ವವಿದ್ಯಾಲಯದ ಹೊಸ ನಿಯಮ ಸರಳವಾಗಿತ್ತು. ಎರಡನೆಯ ಅಂಕದಿಂದ ಮೊದಲನೆಯದನ್ನು ಕಳೆಯಬೇಕು, ಉಳಿದದ್ದನ್ನು ಮೊದಲನೆಯದರಿಂದ ಭಾಗಿಸಬೇಕು, ಬಂದ ಶೇಕಡಾವಾರೇ ಪ್ರಗತಿ. ಒಬ್ಬರದ್ದು ಸೊನ್ನೆಯಾದರೂ ಆ ವಿಷಯದ ಅತಿಥಿ ಉಪನ್ಯಾಸಕರಿಗೆ ಕೋರ್ಸಿನ ಉಳಿದರ್ಧಕ್ಕೆ ಕೆಲಸವಿಲ್ಲ. ನಮ್ಮ ಮೇಷ್ಟ್ರು ಅತಿಥಿಯೇ. ಅತಿಥಿ ಎಂದರೆ ಬಂದಾಗ ಕೂರಲು ಕುರ್ಚಿ ಸಿಗದವರು, ಕೂತ ಮೇಲೆ ಹೊರಡೋದು ಯಾವಾಗ ಎಂದು ಕೇಳಿಸಿಕೊಳ್ಳುವವರು. ಹಾಗೆ ಮೂರು ಕಾಲೇಜುಗಳಿಂದ ಹೊರಟು ಬಂದಿದ್ದರು. ಈ ಊರಿಗೆ ಬಂದ ದಿನವೇ ಹೆಂಡತಿ ಹೇಳಿಬಿಟ್ಟಿದ್ದಳು: “ಇನ್ನೊಂದ್ ಸಲ ಪಾತ್ರೆ ಕಟ್ಟೋದು ನನ್ನಿಂದಾಗಲ್ಲ. ಊರು ಬಿಡೋದಾದ್ರೆ ನೀವೊಬ್ರೇ ಬಿಡಿ.”

ಪರಿಶೀಲನಾ ಸಮಿತಿ ಸಂಜೆಗೆ ಬರುವುದಿತ್ತು.

“ಏನ್ ಸಾರ್, ಮುಖ ಟೀಗೆ ಅದ್ದಿದ ಬಿಸ್ಕತ್ತಿನ ಹಾಗಿದೆ?” ಪಕ್ಕದ ಮೇಜಿನ ಕೆಮಿಸ್ಟ್ರಿ ಮೇಡಂ ಬಗ್ಗಿದರು. ಮೇಷ್ಟ್ರು ಗೋಳು ಹೇಳಿಕೊಂಡರು.

“ಅಷ್ಟೇನಾ? ಮೂರು ಹೆಚ್ಚಿಗೆ ಕೊಡಿ. ಇಪ್ಪತ್ತಕ್ಕೆ ಇಪ್ಪತ್ಮೂರು.”

“ಕಂಪ್ಯೂಟರ್ ತಗೊಳಲ್ವಲ್ಲ ಮೇಡಂ.”

“ಹಾಗಾದ್ರೆ ಮೊದಲನೇ ಪರೀಕ್ಷೆ ಮತ್ತೆ ಬರೆಸಿ. ತಪ್ಪು ತಪ್ಪಾಗಿ ಬರೀಲಿ. ನನ್ನ ನೋಡಿ, ಮೊದಲನೇದಕ್ಕೆ ಪಾಠ ಮಾಡದೇ ಇರೋದನ್ನೇ ಕೇಳ್ತೀನಿ. ನನ್ನ ಕ್ಲಾಸಲ್ಲಿ ಎಲ್ರೂ ಪ್ರಗತಿಪರರು.”

ಹುಡುಗಿಯನ್ನು ಕರೆಸಿದರು. ಕೈಯಲ್ಲೊಂದು ಸೀಸೆ ಹಿಡಿದೇ ಬಂದಳು. “ಮನೆಗೂ ಮೆಸೇಜ್ ಬಂತು ಸಾರ್, ಮಗಳ ಪ್ರಗತಿ ಸೊನ್ನೆ ಅಂತ. ಅಮ್ಮ ಟಾನಿಕ್ ಕೊಟ್ಟು ಕಳಿಸಿದ್ದಾರೆ.”

“ನೋಡಮ್ಮ,” ಮೇಷ್ಟ್ರು ಸಾಲ ಕೇಳುವವರಂತೆ ತಡವರಿಸಿದರು, “ಒಂದೇ ಒಂದು ಉತ್ತರ ತಪ್ಪು ಬರ್ದುಕೊಡ್ತೀಯಾ?”

ಪಾಪ, ಕೂತಳು. ಪೆನ್ನು ಕಚ್ಚಿದಳು, ಬೆವರಿದಳು. ಕೊನೆಗೂ ಒಂದು ತಪ್ಪುತ್ತರ ಬರೆದು ಅದರ ಕೆಳಗೇ ಸೇರಿಸಿದಳು: ‘ಮೇಲಿನ ಉತ್ತರ ತಪ್ಪು, ಏಕೆಂದರೆ...’ ಮುಂದೆ ಪುಟ ತುಂಬ ಕಾರಣಗಳು. ಆ ಕಾರಣಗಳಿಗೇ ಬೇರೆ ಇಪ್ಪತ್ತು ಕೊಡಬೇಕಿತ್ತು.

“ಆಗ್ತಾ ಇಲ್ಲ ಸಾರ್, ಕೈ ಕೇಳಲ್ಲ,” ಎಂದು ಬಿಕ್ಕಿದಳು.

“ಅಳಬೇಡಮ್ಮ. ಕಷ್ಟಪಟ್ಯಲ್ಲ, ಅದೇ ದೊಡ್ಡದು,” ಎಂದು ನಪಾಸಾದವರಿಗೆ ಹೇಳುವ ಸಮಾಧಾನವನ್ನೇ ಹೇಳಿ ಕಳಿಸಿದರು.

ಬಾಗಿಲಿಗೊರಗಿ ಎಲ್ಲ ಕೇಳಿಸಿಕೊಂಡ ಕಂಪ್ಯೂಟರ್ ಗುಮಾಸ್ತ ಟೀ ಲೋಟ ಕೆಳಗಿಟ್ಟ. “ಸಾರ್, ಈ ಹುಡುಗಿ ಕಾಲೇಜಿಗೆ ಕಾಲಿಟ್ಟ ದಿನ ನಿಮ್ಮ ತರ್ಕ ಗೊತ್ತಿತ್ತಾ?”

“ಎಲ್ಲಿಂದ ಗೊತ್ತಿರುತ್ತೆ?”

“ಮತ್ತೆ? ಅದೇ ಮೊದಲನೇ ಅಂಕ. ಸೊನ್ನೆ ಹಾಕಿ.”

ಮೇಷ್ಟ್ರು ಕುರ್ಚಿಯಿಂದ ಪುಟಿದೆದ್ದರು. ಆದರೆ ತರ್ಕದವರು ನೋಡಿ, ಒಬ್ಬರಿಗೆ ಸಂದದ್ದು ಎಲ್ಲರಿಗೂ ಸಲ್ಲಬೇಕು. ಇಡೀ ತರಗತಿಗೇ ಸೊನ್ನೆ ಹಾಕಿಸಿದರು. ಕಂಪ್ಯೂಟರ್ ಕಲ್ಲು ಸಿಕ್ಕಿದ ಮಿಕ್ಸಿಯಂತೆ ಗುರುಗುಟ್ಟಿ, ಆಮೇಲೆ ಎಲ್ಲರ ಮುಂದೂ ‘ಪ್ರಗತಿ ಶೇಕಡಾ ನೂರು’ ಎಂದು ಹಸಿರು ಕಾರಿತು. ಎರಡೇ ಅಂಕ ತೆಗೆದವನಿಗೂ ನೂರು.

“ಸೊನ್ನೆಯಿಂದ ಶುರುವಾದ್ರೆ ಕಂಪ್ಯೂಟರಿಗೆ ಭಾಗಿಸೋಕೆ ಬರಲ್ಲ ಸಾರ್,” ಎಂದ ಗುಮಾಸ್ತ. “ಲೆಕ್ಕ ತಿಳೀದಿದ್ರೆ ಸಂತೋಷ ಪಟ್ಟುಬಿಡುತ್ತೆ.”

ಸಂಜೆ ಸಮಿತಿ ಬಂದು ಕೂತಿತು. ಅದರ ಅಧ್ಯಕ್ಷರು ಪ್ರಶ್ನೆ ಕೇಳುವುದು ತಮಗೇ, ಉತ್ತರ ಕೊಡುವುದೂ ತಾವೇ.

“ಎಲ್ರೂ ನೂ...ರಕ್ಕೆ ನೂರು. ಅಂದ್ರೆ ಏನರ್ಥ? ಕಲಿಯೋದು ಪೂರ್ತಿಯಾಯ್ತು. ಕೋರ್ಸು ಇನ್ನೂ ಅರ್ಧ ಇದೆ. ಅಂದ್ರೆ ಏನರ್ಥ? ಕಲಿಸೋಕೆ ಏನೂ ಉಳಿದಿಲ್ಲ. ಅಭಿನಂದನೆಗಳು. ನೀವು ನಾಳೆಯಿಂದ ಬರೋದು ಬೇಡ.”

ಮೇಷ್ಟ್ರು ಮೇಜಿನತ್ತ ಬಾಗಿದರು. “ಸಾರ್, ಅದು ಕಂಪ್ಯೂಟರ್ ಎಡವಟ್ಟು. ಹುಡುಗರಿಗೆ ಏನೇನೂ ಬರಲ್ಲ, ದೇವರಾಣೆ. ಬೇಕಾದ್ರೆ ಯಾರನ್ನಾದ್ರೂ ಕೇಳಿ. ಇವನನ್ನೇ ಕೇಳಿ.”

ಆ ಎರಡಂಕದವನೇ ಮೊಗಸಾಲೆಯಲ್ಲಿ ಆಕಳಿಸುತ್ತ ಹೋಗುತ್ತಿದ್ದ. ತರಗತಿಯಲ್ಲಿ ಇವತ್ತಿನವರೆಗೆ ಒಂದಕ್ಕೂ ಸರಿಯುತ್ತರ ಕೊಟ್ಟವನಲ್ಲ. ಮೇಷ್ಟ್ರು ಅವನನ್ನು ಒಳಗೆಳೆದು, ಬದುಕಿದೆ ಎಂದು ಹಣೆ ಒರೆಸಿಕೊಂಡರು.

ಅಧ್ಯಕ್ಷರು ಕೇಳಿದರು: “ಎಲ್ಲಾ ಕಲಿತವರಿಗೆ ಮೇಷ್ಟ್ರು ಬೇಕಾಗಿಲ್ಲ. ಈ ತರಗತಿಯವರು ಎಲ್ಲಾ ಕಲಿತಿದ್ದಾರೆ. ಆದ್ದರಿಂದ?”

ಹುಡುಗ ಫ್ಯಾನು ನೋಡಿದ. ಕಿಟಕಿ ನೋಡಿದ. ತಲೆ ಕೆರೆದುಕೊಂಡ. ತೋಚಿದ್ದು ಒದರು ಮಹಾರಾಯ ಎಂದು ಮೇಷ್ಟ್ರು ಒಳಗೊಳಗೇ ಕೈಮುಗಿದರು.

“ಆದ್ದರಿಂದ... ಈ ತರಗತಿಯವರಿಗೆ ಮೇಷ್ಟ್ರು ಬೇಕಾಗಿಲ್ಲ ಸಾರ್.”

ಈ ಒಂದು ಹೆಜ್ಜೆಯನ್ನು ಆ ತಲೆಯೊಳಗೆ ಇಳಿಸಲು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡಿದ್ದ ಮೇಷ್ಟ್ರಿಗೆ ಸಮಿತಿ ಮರೆಯಿತು, ಕೆಲಸ ಮರೆಯಿತು. ಕಣ್ಣಲ್ಲಿ ನೀರಾಡಿತು. ಎದ್ದು ಹೋಗಿ ಹುಡುಗನನ್ನು ತಬ್ಬಿ ಬೆನ್ನು ತಟ್ಟಿದರು.

“ಸರಿ ಕಣೋ,” ಎಂದರು, “ನೂರಕ್ಕೆ ನೂರು ಸರಿ.”