ರಿವರ್ಸ್ ನಾನೇ ತೆಗೆಯುತ್ತೇನೆ

ನಾನು ರಿವರ್ಸ್ ಗೇರ್ ಹಾಕಿದರೆ ಸಾಕು, ಲಂಡನ್ನಿನಲ್ಲಿ ಯಾರಿಗೂ ಸುಮ್ಮನಿರಲಾಗುವುದಿಲ್ಲ. ನಮ್ಮದು ಪಿಕಪ್ ಗಾಡಿ. ಅದರ ಬೆನ್ನ ಮೇಲೆ ಕ್ಯಾಂಪರ್ ಎಂಬ ಪೆಟ್ಟಿಗೆಯಂಥ ಮನೆ, ಹಿಂದೆ ಟ್ರೇಲರ್, ಅದರ ಮೇಲೊಂದು ಸಣ್ಣ ದೋಣಿ. ಒಳಗಿನ ಕನ್ನಡಿಯಲ್ಲಿ ಕ್ಯಾಂಪರಿನ ಗೋಡೆಯೊಂದೇ ಕಾಣುತ್ತದೆ. ಪಕ್ಕದ ಕನ್ನಡಿಯಲ್ಲಿ ದೋಣಿ ಕಂಡಿತೆಂದರೆ ಅದು ಆಗಲೇ ಅಡ್ಡ ತಿರುಗಿದೆ ಎಂದರ್ಥ. ಮೀನು ಹಿಡಿಯುವ ಹುಚ್ಚು ಗಂಡನದು, ಕುಂದಾಪುರದಿಂದ ಜೊತೆಗೇ ಬಂದದ್ದು. ಸ್ಟೀರಿಂಗ್ ಮಾತ್ರ ನನ್ನದು. ಕೊಡಿ ಎಂದವರಿಗೆಲ್ಲ ಇಲ್ಲ ಅಂದಿದ್ದೇನೆ.

ಪಕ್ಕದ ಮನೆ

ಹೌನ್ಸ್ಲೋದ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರು ಇಂಗ್ಲಿಷ್ ಮುದುಕರಿದ್ದಾರೆ. ನಾನು ಗಾಡಿಯನ್ನು ನಮ್ಮ ಅಂಗಳಕ್ಕೆ ಹಾಕುವಾಗಲೆಲ್ಲ ಚಹಾದ ಮಗ್ ಹಿಡಿದು ಬಾಗಿಲಿಗೆ ಬರುತ್ತಾರೆ. ಒಂದು ಶನಿವಾರ, "ನಿಮ್ಮ ಗಂಡ ಬರುವವರೆಗೆ ಕಾಯಬಹುದಲ್ಲ?" ಅಂದರು. ಕಾಯಲಿಲ್ಲ. ಟ್ರೇಲರ್ ಒಂದು ಕಡೆಯೂ ಸೊಟ್ಟಗಾಗದೆ ಸರಾಗವಾಗಿ ಒಳಗೆ ಹೋಯಿತು. ಇಳಿದು ನೋಡಿದರೆ ಮಗ್ ಹಿಡಿದವರು ದೋಣಿಯ ಪಕ್ಕದಲ್ಲೇ ನಿಂತಿದ್ದಾರೆ.

"ಇದು ನನ್ನ ಮನೆಯ ಅಂಗಳ," ಅಂದರು.

"ಗೊತ್ತು. ಎಷ್ಟು ನೇರ ಬಂದಿದೆ ನೋಡಿ," ಅಂದೆ.

ಸೌತ್‌ಹಾಲ್

ತೆಂಗಿನಕಾಯಿ, ಕರಿಬೇವು ತರಲು ದೋಣಿ ಸಮೇತ ಸೌತ್‌ಹಾಲಿಗೆ ಹೋಗಿದ್ದೆ. ಸಣ್ಣ ರಸ್ತೆಯೊಂದಕ್ಕೆ ನುಗ್ಗಿದರೆ ಎದುರಿಗೆ ಸಾಮಾನು ಇಳಿಸುವ ಲಾರಿ. ಹಿಂದಕ್ಕೇ ಬರಬೇಕು. ಕ್ಷಣದಲ್ಲಿ ಜನ ಸೇರಿತು. ತರಕಾರಿ ಅಂಗಡಿಯವನು ಎಡಕ್ಕೆ ಅಂದ, ಪಂಜಾಬಿ ಅಜ್ಜ ಬಲಕ್ಕೆ ಅಂದರು, ಚೀಲ ಹಿಡಿದ ಹೆಂಗಸೊಬ್ಬಳು ಎರಡೂ ಬೇಡ ಅಂದಳು.

ಎಂಜಿನ್ ಆಫ್ ಮಾಡಿ ಇಳಿದೆ. "ಯಾರಾದರೂ ಒಬ್ಬರು ಹೇಳಿ. ಒಬ್ಬರೇ."

ಆ ಒಬ್ಬರು ಯಾರಾಗಬೇಕೆಂದು ಅವರಲ್ಲೇ ಜಗಳ ಹತ್ತಿತು. ನಾನು ಹತ್ತಿ ಕೂತು, ಎರಡು ಸಲ ಇಳಿದು ಇಣುಕಿ, ನಿಧಾನವಾಗಿ ದೊಡ್ಡ ರಸ್ತೆಗೆ ಬಂದೆ. ಹೊರಡುವಾಗ ಅಜ್ಜ ದೂರದಿಂದಲೇ ಕೈ ತೋರಿಸಿದರು. "ಸ್ವಲ್ಪ ತಾಳಮ್ಮ, ಇನ್ನೂ ತೀರ್ಮಾನ ಆಗಿಲ್ಲ."

ಕ್ಯಾಮೆರಾ

ಬೆಂಗಳೂರಿನ ಸಾಫ್ಟ್‌ವೇರ್ ಗೆಳೆಯರೊಬ್ಬರು ನನ್ನ ಕಷ್ಟ ನೋಡಲಾರದೆ ಕ್ಯಾಂಪರಿನ ಹಿಂಬದಿಗೆ ಕ್ಯಾಮೆರಾ ಕೂರಿಸಿಕೊಟ್ಟರು.

"ಏನು ಕಾಣ್ತಿದೆ ಮೇಡಂ?"

"ದೋಣಿ."

"ಅದರ ಹಿಂದೆ?"

"ದೋಣಿನೇ."

ಸ್ವಲ್ಪ ಯೋಚಿಸಿ, "ದೋಣಿ ಇದೆ ಅಂತ ಖಾತ್ರಿ ಆಯ್ತಲ್ಲ," ಅಂದರು.

ತೇಮ್ಸ್ ದಡ

ಇದು ಕ್ಯಾಮೆರಾ ಬರುವ ಮೊದಲಿನ ಮಾತು. ದೋಣಿಯನ್ನು ನೀರಿಗೆ ಇಳಿಸುವ ಇಳಿಜಾರಿನಲ್ಲಿ ಅಪರಿಚಿತನೊಬ್ಬ ಕೈಚಾಚಿ ಬಂದ. "ಕೀ ಕೊಡಿ, ಲವ್. ನಾನು ಇಳಿಸಿಕೊಡ್ತೇನೆ." ಲವ್ ಅಂದರೆ ಇಲ್ಲಿ ಅಮ್ಮ, ಅಕ್ಕ ಅಂದ ಹಾಗೆ.

"ನಿಮ್ಮ ದೋಣಿ ನೀವು ಇಳಿಸ್ಕೊಳ್ಳಿ," ಅಂದೆ. ಅವನು ಕೈಕಟ್ಟಿ ನೋಡುತ್ತಾ ನಿಂತ.

ಹಿಂದೆ ನಿಂತರೆ ನನಗೆ ಕಾಣುವುದಿಲ್ಲವೆಂದು ಇವರು, ನನ್ನ ಗಂಡ, ಲೈಫ್ ಜಾಕೆಟ್ ತೊಟ್ಟು ದೋಣಿಯಲ್ಲೇ ಕೂತರು. ದೋಣಿಯನ್ನು ಟ್ರೇಲರಿಗೆ ಬಿಗಿದಿದ್ದ ಪಟ್ಟಿ ಬಿಚ್ಚಿದರು, ನದಿಯ ಕಡೆ ಮುಖ ಮಾಡಿ, ಇನ್ನೂ ಜಾಗವಿದೆ ಎಂದು ಕುಂದಾಪುರದ ಮಾತಿನಲ್ಲಿ ಕೂಗತೊಡಗಿದರು: "ಬರ್ಲಿ, ಬರ್ಲಿ, ಜಾಗ ಇತ್ತ್."

ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ ಇಳಿಸಿದೆ. ಟ್ರೇಲರಿನ ಚಕ್ರ ಮುಳುಗಿತು. "ಬರ್ಲಿ, ಬರ್ಲಿ." ದನಿ ಸ್ವಲ್ಪ ಸಣ್ಣಗಾಯಿತು. ಇನ್ನೂ ದೂರ ಹೋಗಬೇಕೇನೋ ಎಂದುಕೊಂಡು ಇನ್ನಷ್ಟು ಹಿಂದಕ್ಕೆ ಬಿಟ್ಟೆ.

ಆ ಮನುಷ್ಯ ಬಂದು ಕಿಟಕಿ ತಟ್ಟಿದ. "ಮೇಡಂ, ನಿಮ್ಮವರು ಹೋಗ್ತಾ ಇದ್ದಾರೆ."

ಇಳಿದು ನೋಡಿದೆ. ದೋಣಿ ತೇಲಿ ಹೊರಟಿತ್ತು. ಅದನ್ನು ಹಿಡಿದಿಟ್ಟುಕೊಳ್ಳಬೇಕಿದ್ದ ಹಗ್ಗ ದಡದಲ್ಲೇ ಬಿದ್ದಿತ್ತು. ಇವರು ನನಗೆ ಬೆನ್ನು ಹಾಕಿ, ಕೈಬೀಸುತ್ತಾ, ಜಾಗ ಇತ್ತ್ ಎನ್ನುತ್ತಲೇ ಇದ್ದರು. ಸುಳ್ಳಲ್ಲ, ತೇಮ್ಸ್ ತುಂಬ ಜಾಗವಿತ್ತು. ಕೊನೆಗೆ ಬೇರೊಂದು ದೋಣಿಯಲ್ಲಿ ಹುಟ್ಟು ಹಾಕುತ್ತಾ ಬಂದ ಇಬ್ಬರು ಅವರನ್ನು ಎಳೆದು ತಂದರು.

"ನಾನು ಮಾಡ್ತೇನೆ ಅಂದಿದ್ದೆ," ಅಂದ ಕೀ ಕೇಳಿದವನು.

"ದೋಣಿ ನೀರಿಗೆ ಇಳಿಯಬೇಕಿತ್ತು, ಇಳಿದಿದೆ," ಅಂದೆ. "ಗಂಡನ್ನ ಹಿಡಿದುಕೊಳ್ಳೋದು ಬೇಕಿದ್ರೆ ನೀವು ಮಾಡಿ."